ಊರಿನ ಜಿಮ್‌ಗೆ ಊರಿನವರೇ ಬರಬೇಕಾದರೆ ಫೋನಿನಲ್ಲಿ ಏನೇನು ಮಾಡಬೇಕು

ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಬದಿಯಡ್ಕ, ಮುಳ್ಳೇರಿಯ ಕಡೆಯ ಜಿಮ್‌ಗಳ ಇನ್‌ಸ್ಟಾಗ್ರಾಂ ಪೇಜ್‌ಗಳನ್ನು ಒಂದರ ಹಿಂದೆ ಒಂದು ತೆರೆದು ನೋಡಿ. ಯಾವುದು ಯಾವ ಊರಿನದ್ದು ಎಂದು ಹೇಳುವುದೇ ಕಷ್ಟ. ಅದೇ ಕಪ್ಪು ಹಿನ್ನೆಲೆ, ಎಲ್ಲಿಂದಲೋ ಇಳಿಸಿಕೊಂಡ ಬಾಡಿಬಿಲ್ಡರ್ ಫೋಟೋ, ಇಂಗ್ಲಿಷಿನಲ್ಲಿ ಒಂದು ಘೋಷಣೆ, ಕೆಳಗೆ ‘ಆಫರ್ ಇನ್ನು ಮೂರೇ ದಿನ’. ಇದಕ್ಕೆ ಲೈಕ್ ಒತ್ತುವವರು ಈಗಾಗಲೇ ಜಿಮ್‌ಗೆ ಹೋಗುವ ಹುಡುಗರು. ಅವರನ್ನು ಕರೆತರಲು ನೀವು ಕಷ್ಟಪಡಬೇಕಾಗಿಲ್ಲ, ಅವರು ಹೇಗೂ ಬರುತ್ತಾರೆ.

ಬಾರದೆ ಉಳಿದವರು ಯಾರು ಎಂದು ಯೋಚಿಸಿ. ಶುಗರ್ ಶುರುವಾಗುವ ಹಾಗಿದೆ, ಸ್ವಲ್ಪ ಮೈ ಬಗ್ಗಿಸಿ ಎಂದು ಡಾಕ್ಟರ್ ಹೇಳಿದ 45 ವರ್ಷದ ಸಹಕಾರಿ ಬ್ಯಾಂಕಿನ ಅಣ್ಣ, ಹೆರಿಗೆಯಾಗಿ ವರ್ಷ ಕಳೆದರೂ ಸೊಂಟನೋವು ಬಿಡದ ಅಕ್ಕ, ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುವ ನಿವೃತ್ತ ಮೇಷ್ಟ್ರು. ಇವರೆಲ್ಲ ದಿನಾ ನಿಮ್ಮ ಬಾಗಿಲ ಮುಂದೆಯೇ ಹೋಗುತ್ತಾರೆ. ಒಳಗೆ ಬರಲು ಸಂಕೋಚ. ಒಳಗಿರುವವರೆಲ್ಲ ಕಟ್ಟುಮಸ್ತಾದ ಹುಡುಗರು, ನಾನು ಹೋದರೆ ನಗುತ್ತಾರೇನೋ, ಯಾರಾದರೂ ವಿಡಿಯೋ ತೆಗೆದರೆ ಏನು ಗತಿ, ಫೀಸ್ ಕೇಳಿ ವಾಪಸ್ ಬಂದರೆ ಮರ್ಯಾದೆ ಹೋಗುತ್ತದಲ್ವಾ ಎಂಬ ಅಳುಕು. ಸೋಷಿಯಲ್ ಮೀಡಿಯಾದಿಂದ ಒಂದು ಸಣ್ಣ ಊರಿನ ಜಿಮ್‌ಗೆ ಆಗಬೇಕಾದ ದೊಡ್ಡ ಕೆಲಸ ಈ ಅಳುಕನ್ನು ಕಡಿಮೆ ಮಾಡುವುದು. ಫಾಲೋವರ್ಸ್ ಎಷ್ಟು ಎಂಬುದು ಆಮೇಲಿನ ಮಾತು. ಬೆಂಗಳೂರಿನ 10 ಸಾವಿರ ಜನ ಫಾಲೋ ಮಾಡಿದರೂ ಅವರಲ್ಲಿ ಒಬ್ಬರೂ ಬದಿಯಡ್ಕಕ್ಕೆ ಬಂದು ತಿಂಗಳ ಫೀಸ್ ಕಟ್ಟುವುದಿಲ್ಲ. ನಿಮಗೆ ಬೇಕಾದ್ದು ಐದಾರು ಕಿಲೋಮೀಟರ್ ಒಳಗಿನ ಜನ.

ನಾನು ಈ ಭಾಗದ ಕೆಲವು ಅಂಗಡಿ, ಜಿಮ್‌ಗಳ ಪೇಜ್ ನೋಡಿಕೊಳ್ಳುತ್ತೇನೆ. ನನ್ನ ಅನುಭವದಲ್ಲಿ ಕೆಲಸ ಮಾಡಿದ ಕ್ರಮದಲ್ಲೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಗೂಗಲ್ ಮ್ಯಾಪ್

ಇದೇನು ಸೋಷಿಯಲ್ ಮೀಡಿಯಾವಾ ಎಂದು ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಆದರೆ ರೀಲ್ ನೋಡಿದವರು ಮುಂದೆ ಮಾಡುವ ಕೆಲಸವೇ ಜಿಮ್ ಹೆಸರನ್ನು ಗೂಗಲ್‌ನಲ್ಲಿ ಹುಡುಕುವುದು. ಅಲ್ಲಿ ಹಳೆಯ ಫೋನ್ ನಂಬರ್ ಇದ್ದರೆ, ಭಾನುವಾರ ರಜೆ ಇದ್ದರೂ ‘ತೆರೆದಿದೆ’ ಎಂದು ತೋರಿಸಿದರೆ, ರೀಲ್‌ಗೆ ಪಟ್ಟ ಕಷ್ಟ ದಂಡ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ ಸಿಗುತ್ತದೆ. 2021ರವರೆಗೆ ಇದರ ಹೆಸರು ಗೂಗಲ್ ಮೈ ಬಿಸಿನೆಸ್ ಎಂದಿತ್ತು, ಹಳೆಯ ಯೂಟ್ಯೂಬ್ ವಿಡಿಯೋಗಳಲ್ಲಿ ಆ ಹೆಸರು ಕೇಳಿದರೆ ಎರಡೂ ಒಂದೇ ಎಂದು ತಿಳಿಯಿರಿ. ಜಿಮ್ ನಿಮ್ಮದೇ ಎಂದು ತೋರಿಸಲು ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ. ಎದುರಿನ ರಸ್ತೆ, ಪಕ್ಕದ ಅಂಗಡಿ, ನಿಮ್ಮ ಬೋರ್ಡ್, ಆಮೇಲೆ ನೀವೇ ಬೀಗ ತೆಗೆದು ಒಳಗೆ ಹೋಗುವುದು, ಇಷ್ಟನ್ನು ಎಲ್ಲೂ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆಯಿರಿ. ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿರುವ ಹೆಸರನ್ನು ಮಾತ್ರ ಹಾಕಿ. ‘ಉಪ್ಪಳದ ನಂಬರ್ ಒನ್ ಜಿಮ್’ ಎಂದೆಲ್ಲ ಸೇರಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ, ಪ್ರೊಫೈಲ್ ತಡೆಹಿಡಿಯುವ ಸಾಧ್ಯತೆಯೂ ಇದೆ.

ಸಮಯ ಹಾಕುವಾಗ ಬೆಳಿಗ್ಗೆಯದ್ದು, ಸಂಜೆಯದ್ದು ಬೇರೆ ಬೇರೆ ಹಾಕಬಹುದು. ಮಧ್ಯಾಹ್ನ ಮುಚ್ಚಿರುವ ಜಿಮ್ ‘ಬೆಳಿಗ್ಗೆ 5ರಿಂದ ರಾತ್ರಿ 10’ ಎಂದು ಹಾಕಿದರೆ, ಮೂರು ಗಂಟೆಗೆ ಬಂದು ಶಟರ್ ನೋಡಿ ಹೋದವರು ಮತ್ತೆ ಬರುವುದು ಅನುಮಾನ.

ಇನ್ನೊಂದು ವಿಷಯ ನಮ್ಮ ಕಡೆಯವರಿಗೇ ಗೊತ್ತು. ಆರು ಪಥದ ಹೆದ್ದಾರಿ ಬಂದ ಮೇಲೆ ರಸ್ತೆಯ ಆಚೆ ಬದಿಯಲ್ಲಿ ಕಣ್ಣಿಗೆ ಕಾಣುವ ಕಟ್ಟಡಕ್ಕೂ ಸರ್ವಿಸ್ ರಸ್ತೆ ಹಿಡಿದು, ಅಂಡರ್‌ಪಾಸ್ ದಾಟಿ, ಸುತ್ತು ಹಾಕಿ ಬರಬೇಕು. ಮ್ಯಾಪ್ ನೋಡಿದವರಿಗೆ ಇದು ತಲೆಬಿಸಿ. ಬಸ್ ಸ್ಟ್ಯಾಂಡಿನಿಂದ ನಿಮ್ಮ ಬಾಗಿಲವರೆಗೆ ಫೋನ್ ಹಿಡಿದು ನಡೆದು ಬನ್ನಿ, ಎಲ್ಲಿ ತಿರುಗಬೇಕು, ಸ್ಕೂಟರ್ ಎಲ್ಲಿ ನಿಲ್ಲಿಸಬೇಕು ಎಂದು ಮಾತಿನಲ್ಲೇ ಹೇಳಿ. ಅರ್ಧ ನಿಮಿಷದ ಈ ವಿಡಿಯೋವನ್ನು ಮ್ಯಾಪಿಗೂ ಹಾಕಿ, ಇನ್‌ಸ್ಟಾಗ್ರಾಂಗೂ ಹಾಕಿ, ವಾಟ್ಸಾಪ್‌ನಲ್ಲಿ ದಾರಿ ಕೇಳಿದವರಿಗೂ ಕಳಿಸಿ.

ರಿವ್ಯೂ ಬರೆಯಲು ಸದಸ್ಯರನ್ನು ಕೇಳಬಹುದು. ರಿವ್ಯೂ ಬರೆದರೆ ಫೀಸಿನಲ್ಲಿ ಕಡಿಮೆ ಮಾಡುತ್ತೇನೆ ಎನ್ನಬಾರದು, ಅದಕ್ಕೆ ಅನುಮತಿ ಇಲ್ಲ. ಮಲಯಾಳದಲ್ಲಿ ಬರೆದವರಿಗೆ ಮಲಯಾಳದಲ್ಲಿ, ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲಿ ಎರಡು ಸಾಲು ಉತ್ತರ ಬರೆಯಿರಿ. ಬೈದು ಬರೆದವರಿಗೂ ಬರೆಯಿರಿ. ಆ ಉತ್ತರವನ್ನು ಓದುವುದು ಬೈದವರಿಗಿಂತ ಹೆಚ್ಚಾಗಿ ಇನ್ನೂ ಸೇರದವರು.

ವಾಟ್ಸಾಪ್: ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ

ಜಿಮ್‌ಗೆಂದೇ ಒಂದು ಸಿಮ್ ತೆಗೆದುಕೊಳ್ಳಿ. ನಿಮ್ಮ ಸ್ವಂತ ನಂಬರ್ ಬೇಡ, ಟ್ರೈನರ್ ನಂಬರಂತೂ ಬೇಡವೇ ಬೇಡ. ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿ. 2018ರಿಂದ ಇರುವ ಈ ಆ್ಯಪ್‌ಗೆ ದುಡ್ಡು ಕೊಡಬೇಕಾಗಿಲ್ಲ. ಮೊದಲ ಸಲ ಮೆಸೇಜ್ ಮಾಡಿದವರಿಗೆ ತಾನಾಗಿ ಹೋಗುವ ಸ್ವಾಗತ ಸಂದೇಶ, ಬಾಗಿಲು ಹಾಕಿದ ಹೊತ್ತಿಗೆ ಬೇರೆ ಸಂದೇಶ, ಪದೇ ಪದೇ ಬರೆಯಬೇಕಾದ ಉತ್ತರಗಳನ್ನು ಮೊದಲೇ ಉಳಿಸಿಕೊಳ್ಳುವ ಕ್ವಿಕ್ ರಿಪ್ಲೈ, ಜನರನ್ನು ಗುರುತು ಹಾಕಿಡಲು ಬಣ್ಣದ ಲೇಬಲ್, ಎಲ್ಲ ಅದರಲ್ಲೇ ಇದೆ. ‘ಕೇಳಿದ್ದಾರೆ’, ‘ಬಂದು ನೋಡಿದ್ದಾರೆ’, ‘ಸೇರಿದ್ದಾರೆ’, ‘ಬಿಟ್ಟಿದ್ದಾರೆ’ ಎಂಬ ನಾಲ್ಕು ಲೇಬಲ್ ಸಾಕು.

ಈಗ ಮುಖ್ಯ ಮಾತು. ಬರುವ ಮೆಸೇಜ್ ಹೀಗಿರುತ್ತದೆ: ‘ಫೀಸ್ ಎಷ್ಟು?’, ‘ಫೀಸ್ ಎತ್ರಯಾ?’, ‘ಲೇಡೀಸ್ ಟೈಮ್ ಉಂಡಾ?’ ಅಷ್ಟೇ. ಎರಡು ಮೂರೇ ಪದ. ಇದನ್ನು ಕಳಿಸಲು ಆ ಮನುಷ್ಯ ಎಷ್ಟು ಸಲ ಯೋಚಿಸಿರಬಹುದು ನೋಡಿ. ಇದಕ್ಕೆ ‘ಜಿಮ್‌ಗೆ ಬನ್ನಿ, ಮಾತಾಡೋಣ’ ಎಂದು ಉತ್ತರ ಹೋದರೆ ಅಲ್ಲಿಗೆ ಮುಗಿಯಿತು. ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಅನ್ನಿಸುವುದು. ನಾನಾದರೆ ಹೀಗೆ ಬರೆಯುತ್ತೇನೆ:

‘ನಮಸ್ಕಾರ ಅಕ್ಕ. ತಿಂಗಳಿಗೆ 1,000 ರೂಪಾಯಿ. ಅಡ್ಮಿಷನ್ ಫೀಸ್ ಬೇರೆ ಇಲ್ಲ. ಲೇಡೀಸ್ ಬ್ಯಾಚ್ ಬೆಳಿಗ್ಗೆ 10ರಿಂದ 12, ಸಂಜೆ 4ರಿಂದ 5.30. ಆ ಹೊತ್ತಿಗೆ ಒಳಗೆ ಲೇಡಿ ಟ್ರೈನರ್ ಮಾತ್ರ ಇರುತ್ತಾರೆ, ಫೋನ್ ಯಾರೂ ಹೊರಗೆ ತೆಗೆಯುವ ಹಾಗಿಲ್ಲ. ಚೂಡಿದಾರ್‌ನಲ್ಲೇ ಬರಬಹುದು, ಒಂದು ಜೊತೆ ಶೂ ಇದ್ದರೆ ಸಾಕು. ಸೇರುವ ಮೊದಲು ಎರಡು ದಿನ ಸುಮ್ನೆ ಬಂದು ನೋಡಿ. ನಾಳೆ ಬರ್ತೀರಾ, ನಾಡಿದ್ದಾ?’

ಫೀಸ್ ನಿಮ್ಮದು ಎಷ್ಟಿದೆಯೋ ಅಷ್ಟು ಹಾಕಿ. ಈ ಉತ್ತರದಲ್ಲಿ ದರ ಇದೆ, ಸಮಯ ಇದೆ, ಕೇಳಲು ನಾಚಿಕೆಯಾಗುವ ಬಟ್ಟೆಯ ಪ್ರಶ್ನೆಗೂ ಉತ್ತರ ಇದೆ, ಕೊನೆಯಲ್ಲಿ ಅವರು ಸುಲಭವಾಗಿ ಉತ್ತರಿಸಬಹುದಾದ ಒಂದು ಪ್ರಶ್ನೆ ಇದೆ. ಬರುತ್ತೇನೆ ಎಂದು ಹೇಳಿದ ದಿನ ಬಾರದಿದ್ದರೆ ಒಂದೇ ಒಂದು ಸಲ ನೆನಪಿಸಿ. ಆಮೇಲೆ ಬಿಟ್ಟುಬಿಡಿ. ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಕಳಿಸಿದರೆ ಬ್ಲಾಕ್ ಮಾಡುತ್ತಾರೆ, ಅದು ನ್ಯಾಯವೇ.

ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸುವವರು ಒಂದು ವಿಷಯ ತಿಳಿದಿರಬೇಕು. ಒಂದು ಲಿಸ್ಟ್‌ಗೆ 256 ಜನ ಮಾತ್ರ, ಅದರಲ್ಲೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಸೇರುವ ದಿನವೇ ಕೌಂಟರ್ ಮುಂದೆ ನಿಂತಿರುವಾಗ ನಂಬರ್ ಸೇವ್ ಮಾಡಿಸಿ.

ಇನ್‌ಸ್ಟಾಗ್ರಾಂ ಪೇಜ್ ಮುಖ

ಯೂಸರ್‌ನೇಮ್ ಏನೇ ಇರಲಿ, ಅದರ ಕೆಳಗಿನ ಹೆಸರಿನ ಜಾಗದಲ್ಲಿ ಊರಿನ ಹೆಸರು ಇರಲೇಬೇಕು. ‘ಜಿಮ್ ಕುಂಬಳೆ’ ಎಂದು ಹುಡುಕಿದವರಿಗೆ ಸಿಗುವುದು ಆಗಲೇ. ಬಯೋದಲ್ಲಿ ಸಿಗುವುದು 150 ಅಕ್ಷರ. ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆದಿರುತ್ತದೆ, ಲೇಡೀಸ್ ಬ್ಯಾಚ್ ಇದೆಯಾ, ಇಷ್ಟನ್ನೇ ಬರೆದು ವಾಟ್ಸಾಪ್ ಬಟನ್ ಕೊಡಿ. ಘೋಷಣೆಗೆ ಅಲ್ಲಿ ಜಾಗ ಇಲ್ಲ.

ಮೇಲ್ಗಡೆ ಮೂರು ಪೋಸ್ಟ್ ಪಿನ್ ಮಾಡಬಹುದು. ದಾರಿ ತೋರಿಸುವ ವಿಡಿಯೋ ಒಂದು, ಬಾಗಿಲಿನಿಂದ ಹಿಡಿದು ಬಾತ್‌ರೂಮ್‌ವರೆಗೆ ಇಡೀ ಜಿಮ್ ತೋರಿಸುವುದು ಒಂದು, ಹೊಸಬರಿಗೆ ಮೊದಲ ದಿನ ಏನು ಮಾಡಿಸುತ್ತೀರಿ ಎಂಬುದು ಒಂದು. ಹೌದು, ಬಾತ್‌ರೂಮ್ ಕೂಡ. ಚೊಕ್ಕವಾಗಿದ್ದರೆ ತೋರಿಸಿ, ಇಲ್ಲದಿದ್ದರೆ ಮೊದಲು ಚೊಕ್ಕ ಮಾಡಿ. ಹೆಂಗಸರು ಮೊದಲು ನೋಡುವುದು ಅದನ್ನೇ. ಫೀಸ್, ಸಮಯ, ಲೇಡೀಸ್ ಬ್ಯಾಚ್ ಇವುಗಳ ಸ್ಟೋರಿ ಹಾಕಿ ಹೈಲೈಟ್‌ನಲ್ಲಿ ಉಳಿಸಿಕೊಳ್ಳಿ. ಸ್ಟೋರಿ 24 ಗಂಟೆಯಲ್ಲಿ ಹೋಗುತ್ತದೆ, ಹೈಲೈಟ್ ಅಲ್ಲೇ ಇರುತ್ತದೆ.

ಬಿಸಿನೆಸ್ ಅಕೌಂಟ್ ಮಾಡಿದರೆ ಸಿನಿಮಾ ಹಾಡುಗಳು ಹೆಚ್ಚಿನವು ಸಿಗುವುದಿಲ್ಲ ಎಂದು ಹುಡುಗರು ಗೊಣಗುತ್ತಾರೆ. ವ್ಯಾಪಾರಕ್ಕೆ ಹಾಡು ಬಳಸಲು ಹಕ್ಕು ಬೇಕು, ಅದಕ್ಕೇ ಹೀಗೆ. ಅಂಥ ಹಾಡು ಹಾಕಿದ ರೀಲನ್ನು ಬೂಸ್ಟ್ ಮಾಡಲೂ, ಅಂದರೆ ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸಲೂ, ಬಿಡುವುದಿಲ್ಲ. ನಿಮ್ಮ ಟ್ರೈನರ್ ಮಾತಾಡುವ ಧ್ವನಿ, ಪ್ಲೇಟ್ ಕೆಳಗಿಡುವ ಸದ್ದು ಇದ್ದರೆ ಸಾಕು.

ಏನು ತೋರಿಸಬೇಕು

2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಜುಲೈಯಲ್ಲಿ ಇನ್‌ಸ್ಟಾಗ್ರಾಂ ನಮ್ಮಲ್ಲಿ ರೀಲ್ಸ್ ತಂದಿತು. ಆಗ 15 ಸೆಕೆಂಡ್ ಇದ್ದ ರೀಲ್ ಈಗ 3 ನಿಮಿಷದವರೆಗೂ ಹೋಗಬಹುದು. ಜಿಮ್‌ಗೆ 20ರಿಂದ 40 ಸೆಕೆಂಡ್ ಸಾಕು. ಫೋನ್ ನೆಟ್ಟಗೆ ಹಿಡಿಯಿರಿ, ಲೆನ್ಸ್ ಒರೆಸಿ, ಕಿಟಕಿ ನಿಮ್ಮ ಬೆನ್ನ ಹಿಂದೆ ಇರಲಿ, ಬೆಳಕು ಎದುರಿನವರ ಮೇಲೆ ಬೀಳಲಿ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ, ಯಾಕೆಂದರೆ ಬಸ್ಸಿನಲ್ಲಿ, ಆಫೀಸಿನಲ್ಲಿ ಸೌಂಡ್ ಇಲ್ಲದೆ ನೋಡುವವರು ತುಂಬಾ ಜನ. ಬರಹ ತೀರಾ ಕೆಳಗೆ ಬೇಡ, ಅಲ್ಲಿ ಇನ್‌ಸ್ಟಾಗ್ರಾಂನ ಬಟನ್, ಹೆಸರು ಬಂದು ಮುಚ್ಚುತ್ತವೆ.

ಒಂದು ರೀಲನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ನಿಮ್ಮ ಸದಸ್ಯರಲ್ಲಿ ಅಡಿಕೆ ತೋಟ ಇರುವವರು ಒಬ್ಬರಾದರೂ ಇರುತ್ತಾರೆ. ಅವರನ್ನು ಕೇಳಿ ಒಂದು ಗೋಣಿ ತರಿಸಿ, ಅಡಿಕೆ ಬೇಡ, ಸಿಪ್ಪೆ ತುಂಬಿಸಿ. ತಪ್ಪು ರೀತಿ ತೋರಿಸುವಾಗ ಭಾರ ಇದ್ದರೆ ನಿಜವಾಗಿಯೂ ಸೊಂಟ ಹಿಡಿದುಕೊಳ್ಳುತ್ತದೆ. ಫೋನನ್ನು ಮಂಡಿಯ ಎತ್ತರದಲ್ಲಿ, ಪಕ್ಕದಿಂದ ಕಾಣುವ ಹಾಗೆ ಒಂದು ಬೆಂಚಿನ ಮೇಲೆ ಇಡಿ. ಅವರು ದಿನಾ ಮಾಡುವ ಹಾಗೆಯೇ ಬಗ್ಗಲಿ: ಕಾಲು ನೆಟ್ಟಗೆ, ಬೆನ್ನು ಬಿಲ್ಲಿನ ಹಾಗೆ, ಗೋಣಿ ಮೈಯಿಂದ ದೂರ. ಪರದೆಯ ಮೇಲೆ ‘ನಾವು ಎತ್ತುವುದು ಹೀಗೆ’. ಎರಡನೆಯ ತುಣುಕಿನಲ್ಲಿ ಟ್ರೈನರ್ ಬಂದು ಪಾದ ಗೋಣಿಯ ಹತ್ತಿರ ಸರಿಸುತ್ತಾರೆ, ಸೊಂಟ ಹಿಂದಕ್ಕೆ, ಎದೆ ಮುಂದಕ್ಕೆ, ಗೋಣಿ ಮೊಣಕಾಲ ಕೆಳಗಿನ ಮೂಳೆಗೆ ತಾಗುವಷ್ಟು ಹತ್ತಿರ, ಬಲ ಪೂರಾ ಕಾಲಿನಿಂದ. ‘ಎತ್ತಬೇಕಾದ್ದು ಹೀಗೆ’. ಮೂರನೆಯದರಲ್ಲಿ ಅದೇ ಮನುಷ್ಯ, ಅದೇ ಲುಂಗಿ, ಕೈಯಲ್ಲಿ ಗೋಣಿಯ ಬದಲು ಬಾರ್. ‘ಡೆಡ್‌ಲಿಫ್ಟ್ ಅಂದರೆ ಇಷ್ಟೇ’. ಕೊನೆಗೆ ಟ್ರೈನರ್ ತುಳುವಿನಲ್ಲಿ ಒಂದು ಮಾತು: ‘ಸೊಂಟ ಒರಿಯೊಡಾಂಡ ಇಂಚ ದೆರ್ಪುಲೆ’ (ಸೊಂಟ ಉಳಿಯಬೇಕಾದರೆ ಹೀಗೆ ಎತ್ತಿ). ಅರ್ಧ ನಿಮಿಷ.

ಇದನ್ನು ಜನ ತಮ್ಮ ಅಪ್ಪನಿಗೆ, ಮಾವನಿಗೆ, ಮನೆಯ ಗ್ರೂಪಿಗೆ ಕಳಿಸುತ್ತಾರೆ. ರೀಲ್ ಹಾಕಿದ ಮೇಲೆ ಲೈಕ್ ಎಷ್ಟು ಎಂದು ನೋಡುವ ಬದಲು ಇನ್‌ಸ್ಟಾಗ್ರಾಂ ಲೆಕ್ಕ ತೋರಿಸುವ ಇನ್‌ಸೈಟ್ಸ್‌ನಲ್ಲಿ ಎಷ್ಟು ಜನ ಶೇರ್ ಮಾಡಿದರು, ಎಷ್ಟು ಜನ ಸೇವ್ ಮಾಡಿದರು ಎಂದು ನೋಡಿ.

ಇದೇ ದಾರಿಯಲ್ಲಿ ಬೇರೆಯದೂ ಹೊಳೆಯುತ್ತದೆ. ಬಾವಿಯಿಂದ ನೀರು ಸೇದುವವರ ಭುಜ, ಬೀಡಿ ಕಟ್ಟಿ ಕಟ್ಟಿ ಹಿಡಿದುಕೊಂಡ ಕುತ್ತಿಗೆ, ದಿನಾ ಮಂಗಳೂರಿಗೆ ರೈಲಿನಲ್ಲಿ ನಿಂತು ಹೋಗಿ ಬರುವವರ ಕಾಲು ನೋವು. ಊಟದ ಬಗ್ಗೆಯೂ ಊರಿನದ್ದನ್ನೇ ಹೇಳಿ. 100 ಗ್ರಾಂ ಬೂತಾಯಿ ಮೀನಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಹತ್ತಿರ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ (ದೊಡ್ಡ ಬೋಟುಗಳ ಬಲೆ ಮೀನುಗಾರಿಕೆ) ನಿಷೇಧ, ಮೀನಿಗೆ ರೇಟು ಏರುತ್ತದೆ. ಆಗ ಹುರುಳಿ ಸಾರು, ಹೆಸರು ಕಾಳಿನ ಬಗ್ಗೆ ಹೇಳಿದರೆ ಅದು ಅವತ್ತಿನ ಮನೆಯ ಮಾತಾಗುತ್ತದೆ. ಪ್ರೋಟೀನ್ ಪುಡಿ ಮಾರಲು ಪೇಜ್ ಬಳಸಬೇಡಿ. ಮೈ ಬೆಳೆಸಲೆಂದು ಪ್ರೋಟೀನ್ ಪುಡಿ ತೆಗೆದುಕೊಳ್ಳುವುದು ಬೇಡ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳ ಆಹಾರ ಮಾರ್ಗಸೂಚಿಯಲ್ಲಿ ಹೇಳಿವೆ. ಜಿಮ್ ಪೇಜ್‌ನಲ್ಲಿ ಡಬ್ಬಿ ಕಂಡರೆ ‘ಇವರು ಮಾರಲು ಕೂತಿದ್ದಾರೆ’ ಎಂದು ಮನೆಯವರಿಗೆ ಅನ್ನಿಸುತ್ತದೆ.

ವಾರಕ್ಕೆ ಎರಡು ರೀಲ್ ಸಾಕು. ದಿನಾ ಹಾಕುತ್ತೇನೆ ಎಂದು ಹೊರಟವರು ಒಂದು ತಿಂಗಳಲ್ಲಿ ಸುಸ್ತಾಗಿ ನಿಲ್ಲಿಸುತ್ತಾರೆ. ಸ್ಟೋರಿ ಮಾತ್ರ ದಿನಾ ಇರಲಿ.

ಕ್ಯಾಮೆರಾ ಯಾರ ಮೇಲೆ

ಇದನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ. ನಮ್ಮದು ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರು. ಹಿಂದಿನ ಕನ್ನಡಿಯಲ್ಲಿ ಒಬ್ಬ ಅಕ್ಕನ ಮುಖ ಅರ್ಧ ಸೆಕೆಂಡ್ ಕಂಡರೂ ಸಂಜೆಯೊಳಗೆ ಅವರ ಮನೆಗೆ ಸುದ್ದಿ ಮುಟ್ಟುತ್ತದೆ. ಅವರು ಬಿಡುತ್ತಾರೆ, ಅವರ ಜೊತೆ ಬರುತ್ತಿದ್ದ ಇನ್ನೂ ನಾಲ್ವರು ಬಿಡುತ್ತಾರೆ, ಆ ಓಣಿಯಿಂದ ಮತ್ತೆ ಯಾರೂ ಬರುವುದಿಲ್ಲ. ತಪ್ಪು ಅವರದ್ದಲ್ಲ. ವ್ಯಾಯಾಮಕ್ಕೆ ಬಂದವರು ಜಾಹೀರಾತಿಗೆ ಬಂದವರಲ್ಲ.

ವಿಡಿಯೋ ತೆಗೆಯುವ ಹೊತ್ತನ್ನು ಗೊತ್ತು ಮಾಡಿ ಬಾಗಿಲಿಗೆ ಬರೆದು ಅಂಟಿಸಿ, ಉದಾಹರಣೆಗೆ ಬುಧವಾರ ಬೆಳಿಗ್ಗೆ 9ರಿಂದ 10. ಉಳಿದ ಹೊತ್ತು ಕ್ಯಾಮೆರಾ ಇಲ್ಲ. ಲೇಡೀಸ್ ಬ್ಯಾಚ್‌ನಲ್ಲಿ ಫೋನ್ ಬ್ಯಾಗಿನೊಳಗೆ, ಟ್ರೈನರ್ ಫೋನ್ ಸಹಿತ. ಯಾರನ್ನು ತೆಗೆಯುತ್ತೀರೋ ಅವರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಎಲ್ಲಿ ಹಾಕುತ್ತೀರಿ, ಬೇಡವೆಂದರೆ ತೆಗೆಯುತ್ತೀರಿ, ಇಷ್ಟು ಇದ್ದರೆ ಸಾಕು, ಒಂದೇ ಹಾಳೆ. 18 ತುಂಬದವರಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲೂ ಮಕ್ಕಳ ಮಾಹಿತಿಗೆ ಹಾಗೇ ಇದೆ. ತೆಗೆದ ವಿಡಿಯೋವನ್ನು ಹಾಕುವ ಮೊದಲು ಅವರಿಗೇ ತೋರಿಸಿ.

ಈ ನಿಯಮವನ್ನೇ ಒಂದು ರೀಲ್ ಮಾಡಿ. ‘ನಮ್ಮ ಜಿಮ್‌ನಲ್ಲಿ ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮನ್ನು ಯಾರೂ ವಿಡಿಯೋ ತೆಗೆಯುವುದಿಲ್ಲ’ ಎಂದು ಟ್ರೈನರ್ ನೇರ ಹೇಳಲಿ. ಯಾವ ಆಫರ್‌ಗಿಂತಲೂ ಇದಕ್ಕೆ ಹೆಂಗಸರು ಕಿವಿ ಕೊಡುತ್ತಾರೆ.

ಯಾವ ಭಾಷೆ

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತ್ ಆಫೀಸಿನಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿಯೋ ಕೊಂಕಣಿಯೋ ಮರಾಠಿಯೋ. ನಮ್ಮಲ್ಲಿ ಒಂದೇ ಭಾಷೆಯ ಪೇಜ್ ನಡೆಸಿದರೆ ಅರ್ಧ ಊರನ್ನು ಹೊರಗಿಟ್ಟ ಹಾಗೆ. ಹಾಗೆಂದು ಒಂದೇ ಪೋಸ್ಟರಿನಲ್ಲಿ ಮೂರು ಲಿಪಿ ತುರುಕಿದರೆ ಯಾವುದೂ ಓದಲಾಗುವುದಿಲ್ಲ. ಮಾತು ತುಳುವಿನಲ್ಲಿ, ಪರದೆಯ ಬರಹ ಕನ್ನಡದಲ್ಲಿ ಇರುವ ರೀಲ್ ಒಂದು. ಅದೇ ವಿಷಯ ಮಲಯಾಳದಲ್ಲಿ ಇನ್ನೊಂದು, ಅದನ್ನು ಮಲಯಾಳ ಮನೆಮಾತಿನವರೇ ಹೇಳಲಿ. ಫೀಸ್, ಸಮಯದಂಥ ಮಾಹಿತಿ ಎರಡು ಲಿಪಿಯಲ್ಲಿ ಎರಡು ಬೇರೆ ಚಿತ್ರ. ಪೆರ್ಲ, ನೀರ್ಚಾಲು, ಬಾಯಾರು ಕಡೆಗೆ ಕನ್ನಡ ಹೆಚ್ಚು ಮುಟ್ಟುತ್ತದೆ, ಕಾಸರಗೋಡು ಪೇಟೆಯಿಂದ ತೆಂಕಕ್ಕೆ ಹೋದ ಹಾಗೆ ಮಲಯಾಳ. ಕೌಂಟರಿಗೆ ಬರುವವರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂದು ಒಂದು ವಾರ ಗಮನಿಸಿದರೆ ನಿಮ್ಮ ಲೆಕ್ಕ ನಿಮಗೇ ಸಿಗುತ್ತದೆ.

ಕ್ಲಬ್ಬು, ಸಂಘ, ಗ್ರೂಪು

ಇಲ್ಲಿ ಒಂದೊಂದು ಬಸ್ ಸ್ಟಾಪಿಗೂ ಒಂದು ಆರ್ಟ್ಸ್ ಆ್ಯಂಡ್ ಸ್ಪೋರ್ಟ್ಸ್ ಕ್ಲಬ್ ಇದೆ, ಪ್ರತಿ ಕ್ಲಬ್ಬಿಗೂ ವಾಟ್ಸಾಪ್ ಗ್ರೂಪ್ ಇದೆ. ಅಲ್ಲಿ ಪೋಸ್ಟರ್ ಎಸೆದು ಬಂದರೆ ಯಾರೂ ನೋಡುವುದಿಲ್ಲ. ಕಬಡ್ಡಿ ಪಂದ್ಯಾಟಕ್ಕೆ ಒಂದು ವಾರ ಇರುವಾಗ ಅವರ ಮೈದಾನಕ್ಕೇ ಹೋಗಿ, ಪಾದದ ಗಂಟು, ಮಂಡಿಗೆ ಪೆಟ್ಟಾಗದ ಹಾಗೆ ವಾರ್ಮ್‌ಅಪ್ ಮಾಡಿಸಿ, ಅದನ್ನು ರೀಲ್ ಮಾಡಿ ಕ್ಲಬ್ಬಿನ ಪೇಜ್ ಜೊತೆ ಕೊಲಾಬ್ ಪೋಸ್ಟ್ ಹಾಕಿ. ಒಂದೇ ರೀಲ್ ಎರಡೂ ಪೇಜ್‌ನಲ್ಲಿ ಕಾಣುತ್ತದೆ. ಹಗ್ಗಜಗ್ಗಾಟದ ತಂಡಗಳಿಗೂ ಹೀಗೇ.

ಹೆಂಗಸರ ಬ್ಯಾಚ್‌ಗೆ ನನಗೆ ಗೊತ್ತಿರುವ ಒಳ್ಳೆಯ ದಾರಿ ಕೇರಳ ಸರಕಾರದ ಹೆಂಗಸರ ಯೋಜನೆ ಕುಟುಂಬಶ್ರೀ. ನೆರೆಹೊರೆಯ 10ರಿಂದ 20 ಹೆಂಗಸರು ಸೇರಿದ ಅಯಲ್‌ಕೂಟಗಳು ವಾರ್ಡ್ ವಾರ್ಡಿಗೂ ಇವೆ. ನಿಮ್ಮ ಲೇಡಿ ಟ್ರೈನರ್ ಅವರ ಸಭೆಗೆ ಹೋಗಿ ಹದಿನೈದು ನಿಮಿಷ ಸೊಂಟ, ಮಂಡಿಯ ವ್ಯಾಯಾಮ ತೋರಿಸಲಿ, ಅದರ ಚಿಕ್ಕ ವಿಡಿಯೋವನ್ನು ಅವರ ಗ್ರೂಪಿಗೆ ಅವರಲ್ಲೇ ಒಬ್ಬರು ಹಾಕಲಿ. ಅವತ್ತು ಸೇರಿಸುವ ಮಾತು ಎತ್ತಬೇಡಿ. ಕೆಳಗೆ ನಂಬರ್ ಇದ್ದರೆ ಬೇಕಾದವರು ಕೇಳುತ್ತಾರೆ.

ದುಡ್ಡು ಕೊಟ್ಟು ಹಾಕುವ ಜಾಹೀರಾತು

ಮೇಲಿನದ್ದೆಲ್ಲ ಎರಡು ತಿಂಗಳು ಮಾಡಿದ ಮೇಲೆ ಇದಕ್ಕೆ ಬನ್ನಿ. ಖಾಲಿ ಪೇಜ್‌ಗೆ ಜಾಹೀರಾತು ಕೊಟ್ಟರೆ ಬಂದವರು ನೋಡಿ ಹೋಗುತ್ತಾರೆ. ಚೆನ್ನಾಗಿ ಓಡಿದ ರೀಲನ್ನೇ ಆರಿಸಿ, ಒತ್ತಿದರೆ ವಾಟ್ಸಾಪ್ ತೆರೆಯುವ ಹಾಗೆ ಮಾಡಿ. ದಿನಕ್ಕೆ 150–200 ರೂಪಾಯಿಯಂತೆ ಒಂದು ವಾರ. ಅದರ ಮೇಲೆ ಶೇಕಡ 18 ಜಿಎಸ್‌ಟಿ ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಿ.

ಜಾಗ ಆರಿಸುವಾಗ ಊರಿನ ಹೆಸರು ಬರೆಯದೆ ಮ್ಯಾಪಿನಲ್ಲಿ ಜಿಮ್ ಇರುವಲ್ಲೇ ಪಿನ್ ಇಟ್ಟು ಅದರ ಸುತ್ತ ಎಷ್ಟು ಕಿಲೋಮೀಟರ್ ಎಂದು ಕೊಡಿ. ಮಂಜೇಶ್ವರದಲ್ಲಿ ಪಿನ್ ಇಟ್ಟು 20 ಕಿಲೋಮೀಟರ್ ಎಂದರೆ ನಿಮ್ಮ ದುಡ್ಡು ತಲಪಾಡಿ ದಾಟಿ ಉಳ್ಳಾಲ, ಮಂಗಳೂರಿಗೆ ಹೋಗುತ್ತದೆ. ಅಲ್ಲಿಯವರಿಗೆ ಅಲ್ಲೇ ಜಿಮ್ ಇದೆ. 5–6 ಕಿಲೋಮೀಟರ್ ಇಡಿ. ಕರಾವಳಿಯ ಊರಾದರೆ ಆ ಸುತ್ತಿನ ಪಡುಬದಿಯೆಲ್ಲ ಸಮುದ್ರ, ಹಾಗಾಗಿ ಆ್ಯಪ್ ‘ಜನ ಕಡಿಮೆ’ ಎಂದು ಎಚ್ಚರಿಸಿದರೆ ಗಾಬರಿ ಬೇಡ, ಮೂಡುಬದಿಗೆ ಇನ್ನೊಂದು ಪಿನ್ ಸೇರಿಸಿದರಾಯಿತು. ಇತ್ತೀಚೆಗೆ ಆ ಜಾಗದಲ್ಲಿದ್ದವರಿಗೂ ಇನ್‌ಸ್ಟಾಗ್ರಾಂನ ಕಂಪನಿ ಮೆಟಾ ಜಾಹೀರಾತು ತೋರಿಸುತ್ತದೆ, ಹೆದ್ದಾರಿಯಲ್ಲಿ ಹಾದುಹೋದವರಿಂದಲೂ ಒಂದೆರಡು ಮೆಸೇಜ್ ಬಂದೀತು.

ಭಾಷೆ ಎಂಬ ಜಾಗದಲ್ಲಿ ‘ಕನ್ನಡ’ ಆರಿಸಬೇಡಿ. ಅದು ಆಡುವ ಭಾಷೆಯನ್ನು ನೋಡುವುದಿಲ್ಲ, ಆ್ಯಪ್‌ನಲ್ಲಿ ಬಳಸುವ ಭಾಷೆಯನ್ನು ನೋಡುತ್ತದೆ. ನಮ್ಮವರು ಹೆಚ್ಚಿನವರು ಆ್ಯಪನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿರುವುದರಿಂದ ಅವರೇ ತಪ್ಪಿಹೋಗುತ್ತಾರೆ. ಆ ಜಾಗ ಖಾಲಿ ಬಿಡಿ.

ಮೊದಲು ಹೀಗಿದ್ದರು, ಈಗ ಹೀಗಾದರು ಎಂಬ ಜೋಡಿ ಫೋಟೋವನ್ನು ತೂಕ ಇಳಿಸುವ ಜಾಹೀರಾತಿನಲ್ಲಿ ಮೆಟಾ ಒಪ್ಪುವುದಿಲ್ಲ. ‘ನೀವು ದಪ್ಪ ಇದ್ದೀರಾ?’ ಎಂದು ನೋಡುವವರ ಮೈ ಬಗ್ಗೆ ಕೇಳುವುದನ್ನೂ ಒಪ್ಪುವುದಿಲ್ಲ. ಒಪ್ಪಿದರೂ ಹಾಕಬಾರದು, ಅಳುಕಿನಿಂದ ಹೊರಗೆ ನಿಂತವರನ್ನು ಅದು ಇನ್ನೂ ದೂರ ತಳ್ಳುತ್ತದೆ. ‘ಒಂದು ತಿಂಗಳಲ್ಲಿ 15 ಕೆ.ಜಿ.’ ಎಂಬ ಮಾತು ಬೇಡ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿಯುವುದೇ ಆರೋಗ್ಯಕ್ಕೆ ಸರಿ, ಅದನ್ನೇ ಹೇಳಿ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ.

ಯಾವ ತಿಂಗಳು ಏನು

ಮಳೆಗಾಲದಲ್ಲಿ ಜನ ಕಡಿಮೆಯಾಗುತ್ತಾರೆ, ತುಳುವರ ಆಟಿ ತಿಂಗಳಲ್ಲಂತೂ ಕೇಳುವುದೇ ಬೇಡ. ಆದರೆ ಗಲ್ಫ್‌ನಲ್ಲಿ ಶಾಲೆಗೆ ರಜೆ ಬೀಳುವುದು ಜುಲೈ, ಆಗಸ್ಟ್‌ನಲ್ಲೇ. ಆಗ ಊರಿಗೆ ಬಂದವರಿಗೆ ಒಂದು ತಿಂಗಳ, ಎರಡು ತಿಂಗಳ ಪ್ಯಾಕೇಜ್ ಬೇಕು, ವರ್ಷದ್ದಲ್ಲ. ಅದನ್ನು ಜೂನ್ ಮಧ್ಯದಲ್ಲೇ ಪೋಸ್ಟ್ ಮಾಡಿ. ಹೊರದೇಶದಲ್ಲಿರುವ ಮಕ್ಕಳು ನಿಮ್ಮ ಪೇಜ್ ನೋಡಿ ಇಲ್ಲಿರುವ ಅಪ್ಪ ಅಮ್ಮನ ಫೀಸ್ ಕಟ್ಟುವುದೂ ಉಂಟು, ‘ಅಪ್ಪನಿಗೆ ಮೂರು ತಿಂಗಳು’ ಎಂಬ ಪೋಸ್ಟ್‌ಗೆ ಊರಿನವರಿಗಿಂತ ದುಬೈಯಿಂದ ಹೆಚ್ಚು ಮೆಸೇಜ್ ಬರುತ್ತದೆ. ರಂಜಾನ್‌ನಲ್ಲಿ ತರಾವೀಹ್ ನಮಾಜ್ ಮುಗಿದ ಮೇಲೆ ರಾತ್ರಿ ಬ್ಯಾಚ್ ಇಟ್ಟರೆ ಸಮಯವನ್ನು ಮೊದಲ ವಾರವೇ ಮ್ಯಾಪಿನಲ್ಲೂ ಬದಲಿಸಿ. ಜಾತ್ರೆ, ಕೋಲ, ಯಕ್ಷಗಾನದ ರಾತ್ರಿಗಳಲ್ಲಿ ಬೂಸ್ಟ್‌ಗೆ ದುಡ್ಡು ಹಾಕಬೇಡಿ, ಜನರ ಗಮನ ಇರುವುದು ಅಲ್ಲಿ.

ಪುಸ್ತಕ ಮತ್ತು ಪಾಸ್‌ವರ್ಡ್

ಕೌಂಟರಿನಲ್ಲಿ ಒಂದು ಪುಸ್ತಕ ಇಡಿ. ಬಂದ ಪ್ರತಿಯೊಬ್ಬರಿಗೂ ‘ಎಲ್ಲಿ ನೋಡಿ ಬಂದಿರಿ?’ ಎಂದು ಕೇಳಿ ಬರೆಯಿರಿ: ರೀಲ್, ಮ್ಯಾಪ್, ಗೆಳೆಯರು, ಬೋರ್ಡ್. ಜಾಹೀರಾತಿಗೆ 1,500 ರೂಪಾಯಿ ಹೋಗಿ, 20 ಮೆಸೇಜ್ ಬಂದು, 6 ಜನ ನೋಡಲು ಬಂದು, 2 ಜನ ಸೇರಿದರು ಎಂದುಕೊಳ್ಳಿ. ಒಬ್ಬರಿಗೆ 750 ರೂಪಾಯಿ ಬಿತ್ತು. ಅವರು ನಾಲ್ಕು ತಿಂಗಳು ಉಳಿದರೆ ಲಾಭ, ಒಂದೇ ತಿಂಗಳಿಗೆ ಬಿಟ್ಟರೆ ಬಾಡಿಗೆಗೂ ಸಾಲದು. 20ರಲ್ಲಿ 6 ಜನ ಮಾತ್ರ ಬಂದರೆ ನಿಮ್ಮ ವಾಟ್ಸಾಪ್ ಉತ್ತರ ತಿದ್ದಿ. 6ರಲ್ಲಿ 2 ಜನ ಮಾತ್ರ ಸೇರಿದರೆ ಜಿಮ್ ಒಳಗೆ ಏನಾಯಿತು ಎಂದು ನೋಡಿ. ಹತ್ತು ದಿನ ಬಾರದ ಸದಸ್ಯರಿಗೆ ‘ಹುಷಾರಿದ್ದೀರಾ?’ ಎಂದು ಕೇಳುವ ಒಂದು ಮೆಸೇಜ್ ಹೊಸ ಜಾಹೀರಾತಿಗಿಂತ ಅಗ್ಗ.

ಪೇಜ್ ಶುರು ಮಾಡಿದ ಟ್ರೈನರ್ ಕೆಲಸ ಬಿಟ್ಟು ಹೋಗುವಾಗ ಪೇಜ್ ಕೂಡ ಅವರ ಜೊತೆ ಹೋದ ಕಥೆ ಈ ಭಾಗದಲ್ಲಿ ಹೊಸದಲ್ಲ. ಅಕೌಂಟ್ ಜಿಮ್ ಸಿಮ್‌ನಲ್ಲಿ, ಜಿಮ್‌ನ ಇಮೇಲ್‌ನಲ್ಲಿ ಇರಲಿ. ಎರಡು ಹಂತದ ಲಾಗಿನ್ ಹಾಕಿ. ಫೇಸ್‌ಬುಕ್ ಪೇಜ್ ಮತ್ತು ಗೂಗಲ್ ಪ್ರೊಫೈಲ್‌ಗೆ ಬೇರೆಯವರನ್ನು ಪಾಸ್‌ವರ್ಡ್ ಕೊಡದೆ ಸೇರಿಸಬಹುದು, ಬೇಡವಾದಾಗ ತೆಗೆಯಲೂಬಹುದು. ‘ನಿಮ್ಮ ಪೇಜ್ ಕಾಪಿರೈಟ್ ಮುರಿದಿದೆ, 24 ಗಂಟೆಯಲ್ಲಿ ಈ ಲಿಂಕ್ ಒತ್ತಿ’ ಎಂದು ಮೆಟಾ ಹೆಸರಿನಲ್ಲಿ ಮೆಸೇಜ್ ಬಂದರೆ ಒತ್ತಬೇಡಿ, ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಸ್ಟೇಟಸ್ ತೆರೆದರೆ ನಿಜವೋ ಸುಳ್ಳೋ ಅಲ್ಲೇ ಗೊತ್ತಾಗುತ್ತದೆ.